ಬೀಗ ಆಫೀಸಿಂದು, ಪುಣ್ಯ ನಮ್ದು

ಎಲ್ಲಾ ಆಫೀಸಲ್ಲೂ ಒಬ್ಬ ಪರೋಪಕಾರಿ ಇದ್ದೇ ಇರ್ತಾನೆ. ಪೆನ್‌ಡ್ರೈವ್ ಬ್ಲಾಕ್ ಆಗಿದ್ಯಾ, ಅವನ್ನ ಕರೀರಿ. ಸೈಟ್ ಓಪನ್ ಆಗ್ತಿಲ್ವಾ, ಅವನ್ನ ಕರೀರಿ. ಆಂಟಿವೈರಸ್ಸಿಂದ ಸಿಸ್ಟಮ್ ಸ್ಲೋ ಆಗಿದೆ ಅಂತ ಸುಮ್ನೆ ಗೊಣಗಿದ್ರೂ ಸಾಕು, ಕುರ್ಚಿ ಎಳ್ಕೊಂಡು ಬಂದು ಎರಡೇ ನಿಮಿಷದಲ್ಲಿ ಅದರ ಬಾಯಿ ಮುಚ್ಚಿಸಿ, ಇದೆಲ್ಲಾ ಏನ್ ದೊಡ್ಡ ವಿಷ್ಯ ಬಿಡಿ ಅಂತ ಎದ್ದು ಹೋಗ್ತಾನೆ. ಇದಕ್ಕೆ ಸಂಬಳ ಇಲ್ಲ, ಪ್ರಮೋಷನ್ ಇಲ್ಲ, ಆದ್ರೂ ತನ್ನ ಕೆಲಸಕ್ಕಿಂತ ಇದನ್ನೇ ಮನಸಿಟ್ಟು ಮಾಡ್ತಾನೆ. ಐಟಿಯವರಿಗೆ ಟಿಕೆಟ್ ರೈಸ್ ಮಾಡಿ, ಅದು ಮ್ಯಾನೇಜರ್ ಅಪ್ರೂವಲ್ಲಿಗೆ ಹೋಗಿ, ಅಲ್ಲಿಂದ ಇನ್ಯಾರದೋ ಅಪ್ರೂವಲ್ಲಿಗೆ ಹೋಗಿ, ಕೊನೆಗೆ 'ಮಾಹಿತಿ ಸಾಲದು' ಅಂತ ಕ್ಲೋಸ್ ಆಗೋ ಹೊತ್ತಿಗೆ ಇವನು ಇಡೀ ಫ್ಲೋರಿಗೇ ಮುಕ್ತಿ ಕೊಡಿಸಿರ್ತಾನೆ.

ಇದು ಸರೀನಾ ಅಂತ ಒಮ್ಮೆ ಕೇಳಿ ನೋಡಿ. "ನಾನು ದಾರಿ ತೋರಿಸ್ದೆ ಅಷ್ಟೇ, ನಡೆದಿದ್ದು ಅವ್ರು" ಅಂತಾನೆ. ಇಂಟರ್ನೆಟ್ಟಲ್ಲಿ ಇದೇ ಸೇವೆ ಮಾಡೋರು ಇನ್ನೂ ಸಂಭಾವಿತರು, ಆಫೀಸ್ ಫೈರ್‌ವಾಲ್ ದಾಟೋದು ಹೇಗೆ ಅಂತ ಸ್ಕ್ರೀನ್‌ಶಾಟ್ ಸಮೇತ ತೋರಿಸಿ ಕೆಳಗೆ 'ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ' ಅಂತ ಹಾಕ್ತಾರೆ. ಹೌದಪ್ಪಾ, ಮಧ್ಯಾಹ್ನ ಮೂರು ಗಂಟೆಗೆ ಆಫೀಸ್ ಲ್ಯಾಪ್‌ಟಾಪಲ್ಲಿ ಸಿನಿಮಾ ನೋಡಕ್ಕೆ ದಾರಿ ಹುಡುಕ್ತಿರೋನು ಪಿಎಚ್‌ಡಿ ಮಾಡ್ತಿದಾನೆ.

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಈ ದಾನಕ್ಕೇ ಹೇಳಿ ಮಾಡಿಸಿದ ಮಾತು. ಅವನು ಧಾರಾಳವಾಗಿ ಹಂಚ್ತಿರೋದ್ರಲ್ಲಿ ಅವನದ್ದು ಅಂತ ಏನೂ ಇಲ್ಲ. ಆ ಸಿಸ್ಟಮ್ಮಲ್ಲಿ ಯಾರ ಫೋನ್ ನಂಬರು, ಸಾಲದ ಲೆಕ್ಕ, ರಕ್ತದ ರಿಪೋರ್ಟು ಇದ್ಯೋ ಅವರ ನೆಮ್ಮದಿ ಅದು, ಅವರನ್ನ ಯಾರೂ ಒಂದು ಮಾತು ಕೇಳಿಲ್ಲ.

2011ರಲ್ಲಿ ಆರ್‌ಎಸ್‌ಎ ಅನ್ನೋ ಕಂಪನಿಗೆ, ಅಂದ್ರೆ ಬೇರೆಯವರಿಗೆ ಸೆಕ್ಯುರಿಟಿ ಮಾರೋದೇ ಕಸುಬಾಗಿರೋ ಕಂಪನಿಗೆ, '2011 ರಿಕ್ರೂಟ್‌ಮೆಂಟ್ ಪ್ಲಾನ್' ಅಂತ ಒಂದು ಮೇಲ್ ಬಂತು. ಫಿಲ್ಟರ್ರು ನಿಯತ್ತಾಗಿ ಅದನ್ನ ಜಂಕಿಗೆ ತಳ್ತು. ಒಬ್ಬ ಉದ್ಯೋಗಿ ಅಲ್ಲಿಂದ ಅದನ್ನ ಎತ್ಕೊಂಡು ಬಂದು ಒಳಗಿದ್ದ ಎಕ್ಸೆಲ್ ಫೈಲ್ ಬಿಚ್ಚಿದ್ರು, ಆ ಬಾಗಿಲಿಂದ ಹ್ಯಾಕರ್‌ಗಳು ಒಳಗೆ ನುಗ್ಗಿದ್ರು, ಕೊನೆಗೆ ಕಂಪನಿ ತಾನು ಮಾರಿದ್ದ ಸೆಕ್ಯುರ್‌ಐಡಿ ಟೋಕನ್‌ಗಳನ್ನೇ, ಅಂದ್ರೆ ಲಾಗಿನ್ ಆಗಕ್ಕೆ ನಂಬರ್ ತೋರಿಸೋ ಪುಟ್ಟ ಸಾಧನಗಳನ್ನೇ, ಬದಲಾಯಿಸಿ ಕೊಡ್ತೀವಿ ಅಂತ ಗ್ರಾಹಕರಿಗೆ ಹೇಳೋ ಹಾಗಾಯ್ತು. 2022ರಲ್ಲಿ ಊಬರ್‌ಗೆ ನುಗ್ಗಿದೋನಂತೂ ಪರೋಪಕಾರಿ ವೇಷದಲ್ಲೇ ಬಂದ. ಒಬ್ಬ ಕಾಂಟ್ರಾಕ್ಟರ್ ಫೋನಿಗೆ ಲಾಗಿನ್ ಅಪ್ರೂವ್ ಮಾಡಿ ಅಂತ ಮೇಲಿಂದ ಮೇಲೆ ರಿಕ್ವೆಸ್ಟ್ ಕಳಿಸಿ ತಲೆ ಚಿಟ್ಟು ಹಿಡಿಸಿ, ಆಮೇಲೆ ವಾಟ್ಸಾಪಲ್ಲಿ ನಾನು ಐಟಿಯವನು, ಇದು ನಿಲ್ಬೇಕಂದ್ರೆ ಅಪ್ರೂವ್ ಒತ್ತಿಬಿಡಿ ಅಂದ. ಒತ್ತಿದ್ರು. ಕಿರಿಕಿರಿ ತಪ್ಪಿಸಕ್ಕೆ ಬಂದೋರ ಹತ್ರ ಯಾರು ಐಡಿ ಕಾರ್ಡ್ ಕೇಳ್ತಾರೆ ಹೇಳಿ.

ಹಂಗಂತ ರೂಲ್ಸ್ ಮಾಡೋರು ಸಾಚಾ ಅಂದ್ಕೋಬೇಡಿ. ಪಾಸ್‌ವರ್ಡಲ್ಲಿ ಅಕ್ಷರ, ಅಂಕಿ, ಚಿಹ್ನೆ ಎಲ್ಲಾ ಕಲಸಿರಬೇಕು, 90 ದಿನಕ್ಕೊಮ್ಮೆ ಬದಲಾಯಿಸ್ಬೇಕು ಅನ್ನೋ ಉಪದೇಶ ಊರೆಲ್ಲಾ ಹಬ್ಬಿದ್ದು ಅಮೆರಿಕದಲ್ಲಿ ಮಾನದಂಡ ಗೊತ್ತುಮಾಡೋ ನಿಸ್ಟ್ ಅನ್ನೋ ಸರ್ಕಾರಿ ಸಂಸ್ಥೆ 2000ದ ದಶಕದ ಶುರುವಲ್ಲಿ ತಂದ ದಾಖಲೆಯಿಂದ. ಅದನ್ನ ಬರೆದ ಬಿಲ್ ಬರ್ ಅವರೇ 2017ರಲ್ಲಿ ಹಂಗೆ ಬರೀಬಾರ್ದಿತ್ತು ಅಂತ ಬೇಜಾರು ಮಾಡ್ಕೊಂಡ್ರು, ಸಂಸ್ಥೆನೂ ಅದೇ ವರ್ಷ ಪಾಸ್‌ವರ್ಡ್ ಸೋರಿದೆ ಅನ್ನೋಕೆ ಕಾರಣ ಇದ್ರೆ ಬದಲಾಯಿಸಿ, ಸುಮ್ಸುಮ್ನೆ ಬೇಡ ಅಂತು. ಎಷ್ಟೋ ಆಫೀಸಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಬಹುಶಃ ಫೈರ್‌ವಾಲಲ್ಲಿ ಬ್ಲಾಕ್ ಆಗಿರ್ಬೇಕು.

ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥ ರೂಲ್ಸ್ ಅವಸ್ಥೆ ಏನು ಅಂತ ಸಂಶೋಧಕ ರಾಸ್ ಕಾಪೆಲ್ ಮತ್ತೆ ಅವರ ಜೊತೆಯವರು 2015ರಲ್ಲಿ ಬರೆದಿದ್ರು. ಡಾಕ್ಟ್ರು ಆ ಕಡೆ ಹೋದ ತಕ್ಷಣ ತಾನಾಗೇ ಲಾಗೌಟ್ ಆಗ್ಲಿ ಅಂತ ಕಂಪ್ಯೂಟರಿಗೆ ಸೆನ್ಸರ್ ಕೂರಿಸಿದ್ರೆ, ಅಲ್ಲಿನ ಸ್ಟಾಫು ಅದರ ಮೇಲೆ ಒಂದು ಥರ್ಮಾಕೋಲ್ ಲೋಟ ಕವುಚಿದ್ರು. ಇನ್ನೊಂದ್ಕಡೆ ಟೀಮಲ್ಲಿ ಎಲ್ಲರಿಗಿಂತ ಜೂನಿಯರ್ ಯಾರೋ ಅವರಿಗೆ ಒಂದು ಡ್ಯೂಟಿ, ಎಲ್ಲರ ಕೀಬೋರ್ಡಲ್ಲೂ ಸ್ಪೇಸ್‌ಬಾರ್ ಒತ್ತುತಾ ಇರೋದು, ಲಾಗೌಟ್ ಆಗ್ದೇ ಇರ್ಲಿ ಅಂತ. ಅಷ್ಟೊಂದು ಓದಿದ್ದಕ್ಕೂ ಸಾರ್ಥಕ! ನಗು ಬರುತ್ತೆ ನಿಜ, ಆದ್ರೆ ರೋಗಿ ಉಸಿರಿಗೆ ಒದ್ದಾಡ್ತಿರುವಾಗ ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿದೆ ಹೊಸದು ಹಾಕಿ ಅಂದ್ರೆ ಯಾರಿಗೆ ತಾಳ್ಮೆ ಇರುತ್ತೆ, ಆ ಲೋಟ ಕವುಚಿದ ಕೈಗೆ ನಾನಂತೂ ನಮಸ್ಕಾರ ಹೊಡೀತೀನಿ. ಪಾಲಿಸಿ ಬುಕ್ಕಿಗೆ ಮಾತ್ರ ಆ ಲೋಟನೂ ಒಂದೇ, ಸಿನಿಮಾ ನೋಡಕ್ಕೆ ಕೊರೆದ ತೂತೂ ಒಂದೇ. ನಮ್ಮ ಪರೋಪಕಾರಿಗೂ ಅಷ್ಟೇ, ಎರಡಕ್ಕೂ ಅದೇ ಹುರುಪು. 'ಯಾಕೆ ಬೇಕು ನಿಮಗಿದು' ಅಂತ ಬುಕ್ಕೂ ಕೇಳಲ್ಲ, ಇವನೂ ಕೇಳಲ್ಲ.

ಇನ್ನು ದೊಡ್ಡೋರ ಕಥೆ. ಕ್ಲರ್ಕಿಗೆ ಮಾಡಿಕೊಟ್ರೆ 'ಉಲ್ಲಂಘನೆ', ಸಾಹೇಬ್ರಿಗೆ ಮಾಡಿಕೊಟ್ರೆ 'ಎಕ್ಸೆಪ್ಷನ್ ಅಪ್ರೂವ್ಡ್'. ವೆಲ್ಸ್ ಫಾರ್ಗೋ ಬ್ಯಾಂಕಿನ ಕಂಪನಿಗಳು 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ 125 ಮಿಲಿಯನ್ ಡಾಲರ್ ದಂಡ ಕಟ್ಟಿದ್ವು, ಯಾಕಂದ್ರೆ ಸ್ಟಾಫು, ಮೇಲಿನ ಅಧಿಕಾರಿಗಳೂ ಸೇರಿ, ಆಫೀಸ್ ವ್ಯವಹಾರನ ಸ್ವಂತ ಫೋನಲ್ಲಿ ಮೆಸೇಜ್ ಮಾಡ್ಕೊಂಡು ದಾಖಲೆನೇ ಇಟ್ಟಿರಲಿಲ್ಲ. ಮರುವರ್ಷ ಅದೇ ಬ್ಯಾಂಕು, ಕೀಬೋರ್ಡ್ ಒತ್ತಿದಂಗೆ ನಾಟಕ ಮಾಡಿ ಕೆಲಸ ಮಾಡ್ತಿದೀವಿ ಅಂತ ತೋರಿಸ್ಕೊಂಡ್ರು ಅಂತ ಡಜನ್ನಿಗೂ ಜಾಸ್ತಿ ಜನರನ್ನ ಮನೆಗೆ ಕಳಿಸ್ತು. ಪಾಪ, ಆಸ್ಪತ್ರೆಲಿ ಸೇರ್ಕೊಂಡಿದ್ರೆ ಅದೇ ಒಂದು ಡ್ಯೂಟಿ ಆಗ್ತಿತ್ತು. 2025ರ ಮಾರ್ಚಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಜ್ ಯೆಮೆನ್ ದಾಳಿ ಬಗ್ಗೆ ಮಾತಾಡಕ್ಕೆ ಅಂತ ಸಿಗ್ನಲ್ ಆ್ಯಪಲ್ಲಿ ಮಾಡಿದ ಗ್ರೂಪಿಗೆ ಒಬ್ಬ ಪತ್ರಿಕೆ ಸಂಪಾದಕರನ್ನೂ ಸೇರಿಸ್ಬಿಟ್ಟಿದ್ರು, ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ಅದರೊಳಗೆ ಯುದ್ಧವಿಮಾನ ಎಷ್ಟೊತ್ತಿಗೆ ಹೊರಡುತ್ತೆ ಅಂತ ಟೈಮ್ ಸಮೇತ ಹಾಕಿದ್ರು. ವಾಲ್ಟ್ಜ್ ಅವರಿಗೆ ಆ ಕುರ್ಚಿ ಹೋಯ್ತು, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಕುರ್ಚಿ ಬಂತು. ಶಿಕ್ಷೆ ಅಂದ್ರೆ ಹಿಂಗಿರ್ಬೇಕು.

ನಮಗೆ ನಿಮಗೆ ಬರೋದು ವರ್ಷಕ್ಕೊಂದು ಸೆಕ್ಯುರಿಟಿ ಟ್ರೈನಿಂಗು. ಅದು ಕಡ್ಡಾಯ, ಸಾಹೇಬ್ರಿಗೂ ಕಡ್ಡಾಯ. ಅವರಿಗೆ ಪುರುಸೊತ್ತಿಲ್ಲ ಅಂತ ಪಿಎ ಅವರ ಲಾಗಿನ್ನಲ್ಲೇ ಕೂತು ಒಂದೊಂದೇ ಸ್ಲೈಡ್ ಕ್ಲಿಕ್ ಮಾಡಿ ಮುಗಿಸಿ, ಪರೀಕ್ಷೆನೂ ಬರೆದು, ಸರ್ಟಿಫಿಕೇಟ್ ಪ್ರಿಂಟ್ ತೆಗೆದು ಟೇಬಲ್ ಮೇಲಿಡ್ತಾರೆ. ಮೊದಲನೇ ಪ್ರಶ್ನೆ, ನಿಮ್ಮ ಪಾಸ್‌ವರ್ಡನ್ನ ಬೇರೆಯವರಿಗೆ ಕೊಡಬಹುದೇ? ಪಿಎ 'ಇಲ್ಲ' ಅಂತ ಟಿಕ್ ಮಾಡಿರ್ತಾರೆ, ಫುಲ್ ಮಾರ್ಕ್ಸ್.