ತುತ್ತೂರಿ ಜಾತ್ರೆಯಲ್ಲಿ ‘ಶ್ಶ್’ ಅಂದವರಿಗೆ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹಾಕಿದರೆ ನಿದ್ದೆ ಬರಬಹುದೇನೋ ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಈಗಲೇ ಹೇಳಿಬಿಟ್ಟಿದ್ದೇನೆ.

ಜುಲೈ ಬಂತು ಅಂದರೆ ನಮ್ಮ ಮನೆಗೆ ಡ್ರಮ್ ಕೋರ್ ಹುಚ್ಚು ಹಿಡಿಯುತ್ತೆ ಅಂತ ನಿಮಗೆಲ್ಲ ಗೊತ್ತು. (ಹೊಸಬರಿಗೆ ಎರಡೇ ಮಾತು: 21–22 ವಯಸ್ಸಿನವರೆಗಿನ ಹುಡುಗ ಹುಡುಗಿಯರು ಬೇಸಿಗೆಯೆಲ್ಲ ಬಸ್ಸಿನಲ್ಲಿ ಊರೂರು ಸುತ್ತಿ, ಸ್ಕೂಲುಗಳ ಜಿಮ್ ನೆಲದ ಮೇಲೆ ಮಲಗಿ, ಫುಟ್‌ಬಾಲ್ ಮೈದಾನದಲ್ಲಿ ಹನ್ನೊಂದು ಹನ್ನೆರಡು ನಿಮಿಷದ ಒಂದು ಶೋ ಕೊಡುತ್ತಾರೆ. ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ. ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ, ಸ್ಯಾಕ್ಸೊಫೋನೂ ಇಲ್ಲ. ನೂರಕ್ಕೆ ಅಂಕ. ಬೇಸಿಗೆಯ ಕೊನೆಗೆ ನಮ್ಮ ಇಂಡಿಯಾನಾಪೊಲಿಸ್‌ನಲ್ಲೇ ಫೈನಲ್ಸ್.)

ಅಮ್ಮ ಮೈಸೂರಿನಿಂದ ಮೇ ತಿಂಗಳಲ್ಲಿ ಬಂದಿದ್ದಾರೆ. ಮನೆಯಲ್ಲಿ ಕೂತೂ ಕೂತೂ ಬೇಜಾರಾಗಿತ್ತು, ಒಂದು ಗಂಟೆ ದೂರದ ಒಂದು ಹೈಸ್ಕೂಲ್ ಮೈದಾನದಲ್ಲಿ ಶೋ ಇತ್ತು, ಕರಕೊಂಡು ಹೋದೆ. ಸೀರೆ, ಅದರ ಮೇಲೆ ನನ್ನ ಹಳೇ ಜಾಕೆಟ್ಟು, ಬ್ಯಾಗಿನಲ್ಲಿ ಕೋಡುಬಳೆ ಡಬ್ಬಿ. ಮೂರನೇ ತಂಡ ಬಂತು. ಮಧ್ಯದಲ್ಲಿ ತುಂಬ ಮೆಲ್ಲಗೆ ನುಡಿಸುತ್ತಾ ಇದ್ದವರು ಮೈದಾನದ ಹಿಂದಿನಿಂದ ಒಂದೇ ಗೆರೆಯಾಗಿ ನಿಂತು, ನಿಧಾನಕ್ಕೆ ಸದ್ದು ಏರಿಸುತ್ತಾ ನೇರವಾಗಿ ನಮ್ಮ ಕಡೆಗೇ ನಡೆದು ಬಂದರು. ಕಂಪನಿ ಫ್ರಂಟ್ ಅಂತಾರೆ ಇದನ್ನ. ಎಪ್ಪತ್ತು ಎಂಬತ್ತು ತುತ್ತೂರಿ ಒಟ್ಟಿಗೆ ಬಾಯಿ ತೆರೆದು ಮುಖಕ್ಕೇ ಹೊಡೆದ ಹಾಗೆ. ಅಮ್ಮ ಅರ್ಧ ಎದ್ದು, ಚಪ್ಪಾಳೆ ತಟ್ಟಿ, “ಭಲೇ!” ಅಂದರು.

ಮುಂದಿನ ಸಾಲಿನವನು ತಿರುಗಿ ನೋಡಿದ. ಬೆರಳು ತುಟಿಯ ಮೇಲೆ. ಶ್ಶ್.

ಅಲ್ಲ ಸ್ವಾಮಿ, ಎಂಬತ್ತು ತುತ್ತೂರಿ ಊದುತ್ತಿರುವ ಜಾಗದಲ್ಲಿ ಅರವತ್ತೆಂಟು ವರ್ಷದ ಹೆಂಗಸಿನ ‘ಭಲೇ’ ನಿಮಗೆ ಗಲಾಟೆ ಆಯ್ತಾ? ಆಮೇಲೆ ನೋಡಿದರೆ ಅವನ ಕೈಯಲ್ಲಿ ಫೋನು. ವಿಡಿಯೊ ಮಾಡುತ್ತಿದ್ದಾನೆ ಪುಣ್ಯಾತ್ಮ. ಎದುರಿಗೆ ಮಕ್ಕಳು ಬೆವರು ಸುರಿಸಿ ಊದುತ್ತಿದ್ದಾರೆ, ಇವನು ಆರಿಂಚು ಪರದೆಯಲ್ಲಿ ನೋಡುತ್ತಿದ್ದಾನೆ. ಅಮ್ಮ ಮೆಲ್ಲಗೆ ಕೂತರು. ಶೋ ಮುಗಿಯೋವರೆಗೂ ಮತ್ತೆ ಚಪ್ಪಾಳೆ ತಟ್ಟಲಿಲ್ಲ. ಕೋಡುಬಳೆ ಕೂಡ ಸದ್ದಾಗುತ್ತೆ ಅಂತ ತಿನ್ನಲಿಲ್ಲ. ಅದೇ ನನಗೆ ತಡೆಯೋಕೆ ಆಗಲಿಲ್ಲ.

ನಾನು ನೋಡಿದ ಮೊದಲ ಶೋ 2008ರ ಆಗಸ್ಟಿನದು, ಬ್ಲೂಮಿಂಗ್ಟನ್‌ನಲ್ಲಿ. ಆ ವರ್ಷದ ಫೈನಲ್ಸ್ ಅಲ್ಲೇ, ಛಾವಣಿ ಇಲ್ಲದ ಸ್ಟೇಡಿಯಂನಲ್ಲಿ. ಈ ದೇಶಕ್ಕೆ ಬಂದು ಸ್ವಲ್ಪವೇ ದಿನ ಆಗಿತ್ತು. ಕರಕೊಂಡು ಹೋದವರು ನಮ್ಮ ಮನೆ ಮಾಲೀಕ ಅಜ್ಜ. ಅವರು 60ರ ದಶಕದಲ್ಲಿ ತಮ್ಮೂರಿನ ತಂಡದಲ್ಲಿ ಬ್ಯೂಗಲ್ ಊದಿದವರು. ಫ್ಯಾಂಟಮ್ ರೆಜಿಮೆಂಟ್ ಅನ್ನೋ ತಂಡ, ರೋಮಿನ ವಿರುದ್ಧ ದಂಗೆ ಎದ್ದ ಗುಲಾಮ ಸ್ಪಾರ್ಟಕಸ್‌ನ ಕಥೆ ಮಾಡಿತ್ತು. ಕೊನೆಗೆ ಮಕ್ಕಳು ಒಬ್ಬೊಬ್ಬರಾಗಿ “ನಾನು ಸ್ಪಾರ್ಟಕಸ್!” ಅಂತ ಕೂಗುವಾಗ ನಮ್ಮ ಸಾಲಿನಲ್ಲಿದ್ದ ಗಂಡಸರು ಹೆಂಗಸರೂ ಎದ್ದು ನಿಂತು ಕೂಗಿದರು. ಅಜ್ಜನ ಟೋಪಿ ಎರಡು ಸಾಲು ಕೆಳಗೆ ಬಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಆ ತಂಡ ಗೆದ್ದಿದ್ದು 0.025 ಅಂಕದಿಂದ. ಆದರೆ ಆಗ ಅಂಕ ಯಾರಿಗೆ ಬೇಕಾಗಿತ್ತು? ನಾನು ಅಂದುಕೊಂಡೆ, ಓಹೋ, ಇದು ನಮ್ಮ ಕಂಪನಿ ನಾಟಕದ ಜನ! ‘ಒನ್ಸ್ ಮೋರ್’ ಅಂದು ಸತ್ತ ಪಾತ್ರವನ್ನೂ ಎಬ್ಬಿಸಿ ಹಾಡಿಸೋ ಜಾತಿ.

ಆಮೇಲೆ ಅಜ್ಜ ಹಳೇ ರೆಕಾರ್ಡಿಂಗ್‌ಗಳನ್ನೆಲ್ಲ ಕೇಳಿಸಿದರು. 1988ರ ಫೈನಲ್ಸ್, ಕ್ಯಾನ್ಸಸ್ ಸಿಟಿ, ಮ್ಯಾಡಿಸನ್ ಸ್ಕೌಟ್ಸ್. ಆ ರಾತ್ರಿ ಗೆದ್ದವರು ಅವರೇ. ಅದರಲ್ಲಿ ಜನರ ಸದ್ದು ಹೇಗಿದೆ ಅಂದರೆ, ಸಂಗೀತದ ಮಧ್ಯೆಯೇ ನುಗ್ಗುತ್ತೆ. ಮುಗಿಯಲಿ ಅಂತ ಕಾಯೋದಿಲ್ಲ. ಈಗ ಸದ್ದು ಇಲ್ಲ ಅಂತ ನಾನು ಹೇಳುತ್ತಿಲ್ಲ, ಇದೆ. ಆದರೆ ಅಳೆದು ಹಾಕಿದ ಹಾಗೆ. ಬಾವುಟದವರು ಆಟದ ರೈಫಲ್ಲು ಎತ್ತರಕ್ಕೆ ಎಸೆದು ಹಿಡಿದರೆ ಒಂದು ‘ವ್ಹೂ’. ಸ್ಪೀಕರಿನಿಂದ ಗುಂ ಅಂತ ಬಾಸ್ ಬಂದರೆ ಇನ್ನೊಂದು ‘ವ್ಹೂ’. ಕೊನೆಗೆ ಎಲ್ಲ ಎದ್ದು ನಿಲ್ಲೋದು, ರಾಷ್ಟ್ರಗೀತೆಗೆ ನಿಂತ ಹಾಗೆ, ಎಲ್ಲ ತಂಡಕ್ಕೂ ಸಮಾನವಾಗಿ.

ಇದಕ್ಕೆ ಶೋ ಮಾಡೋರೂ ಕಾರಣ, ಸುಳ್ಳು ಹೇಳಲ್ಲ. ಮೊದಲೆಲ್ಲ ಒಂದು ಪದ್ಯ ಮುಗಿಯೋದು, ತುತ್ತೂರಿ ಮೇಲೆತ್ತಿ ನಿಲ್ಲೋರು, ಜನ ಕಿರುಚೋರು, ಮುಂದಿನದು ಶುರು. 2004ರಲ್ಲಿ ಮೈಕಿಗೆ ಅನುಮತಿ ಸಿಕ್ಕಿತು, 2009ರಲ್ಲಿ ಸಿಂಥಸೈಜರಿಗೆ. ಈಗ ಎರಡು ಪದ್ಯದ ಮಧ್ಯೆ ಸಂದು ಬಿಟ್ಟರೆ ತಪ್ಪು ಅನ್ನೋ ಹಾಗೆ ಏನಾದರೊಂದು ಗೊರ್‌ ಅನ್ನುತ್ತಲೇ ಇರುತ್ತೆ. ಎಲ್ಲಿ ತಟ್ಟೋದು ಚಪ್ಪಾಳೆ? ತಟ್ಟೋಕೆ ಜಾಗ ಕೊಡಬೇಕಲ್ವಾ?

ಆದರೆ ನನಗೆ ಜಾಸ್ತಿ ಸಿಟ್ಟು ಜನರ ಮೇಲೇ. ಅಜ್ಜನ ಕಾಲದಲ್ಲಿ ಊರೂರಿಗೆ ತಂಡ ಇತ್ತಂತೆ. ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಅಂತ ಮಾಜಿ ಸೈನಿಕರ ಸಂಘಗಳು, ಚರ್ಚುಗಳು ನಡೆಸುತ್ತಿದ್ದ ತಂಡಗಳು. ನೋಡೋಕೆ ಬರೋರು ಪಕ್ಕದ ಬೀದಿಯವರು, ಮಾವ, ಅತ್ತೆ, ಹಾಲು ಹಾಕೋನು. ಅವರಿಗೆ ಸಂಗೀತ ಗೊತ್ತಿರಲಿಲ್ಲ, ಊದೋ ಹುಡುಗ ಗೊತ್ತಿದ್ದ. ಆ ಚಿಕ್ಕ ತಂಡಗಳು ಬಹುಪಾಲು ಹೋದವು. ಈಗ ಕೂತಿರೋರು ಯಾರು? ಹೈಸ್ಕೂಲ್ ಬ್ಯಾಂಡಿನ ಮಕ್ಕಳು, ಅವರ ಅಪ್ಪ ಅಮ್ಮ, ಹಿಂದೆ ತಂಡದಲ್ಲಿದ್ದವರು. ಎಲ್ಲರಿಗೂ ಎಲ್ಲ ಗೊತ್ತು. ಎಲ್ಲರೂ ಜಡ್ಜುಗಳೇ. “ಹೋದ ವಾರಕ್ಕಿಂತ ಮೂರನೇ ಸೆಟ್ ಕ್ಲೀನ್ ಆಗಿದೆ” ಅಂತ ಪಿಸುಪಿಸು. ಅಪ್ಪಾ ದೇವರೇ, ದುಡ್ಡು ಕೊಟ್ಟು ಬಂದಿದ್ದೀಯ, ಖುಷಿ ಪಡೋ!

ಈಗ ಯಾರಾದರೂ ಕಾಮೆಂಟಿನಲ್ಲಿ ಬರುತ್ತೀರಿ: “ಹಳೇ ಕಾಲದ ಜನ ಏನು ದೇವತೆಗಳಾ? 1993ರಲ್ಲಿ ಸ್ಟಾರ್ ಆಫ್ ಇಂಡಿಯಾನಾಗೆ ಬೂ ಅಂದಿದ್ದು ಅವರೇ ತಾನೇ?” ಹೌದು, ಅಂದರು. ಬಾರ್ಟೋಕ್, ಬಾರ್ಬರ್ ಸಂಗೀತ ತಂದು, ಚಪ್ಪಾಳೆಗೆ ಕೈ ಚಾಚದೆ, ಕಲ್ಲಿನ ಹಾಗೆ ನುಡಿಸಿದರು ಅಂತ ಸಿಟ್ಟು. 0.1 ಅಂಕದಲ್ಲಿ ಎರಡನೇ ಸ್ಥಾನ. ಆ ತಂಡ ಸ್ಪರ್ಧೆಯನ್ನೇ ಬಿಟ್ಟು ವೇದಿಕೆಗೆ ಹೋಯಿತು, ಮುಂದೆ 2001ರಲ್ಲಿ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿಯನ್ನೂ ತಗೊಂಡಿತು. ಈಗ ಎಲ್ಲರೂ ಅದನ್ನ ಕೊಂಡಾಡೋರೇ. ಸರಿ, ಜನ ತಪ್ಪು ಮಾಡಿದರು. ಆದರೆ ಮಾರಾಯರೇ, ಬೂ ಅನ್ನೋಕೂ ನೋಡ್ತಾ ಇರಬೇಕಲ್ಲ! ಅವತ್ತು ಯಾರೂ ಫೋನಿನಲ್ಲಿ ಬ್ಯಾಟರಿ ಎಷ್ಟಿದೆ ಅಂತ ನೋಡುತ್ತಿರಲಿಲ್ಲ. (ಬೂ ಅಂದಾಗ ನೆನಪಾಯಿತು, ಬ್ಲೂಕೋಟ್ಸ್ ತಂಡಕ್ಕೆ ಅಭಿಮಾನಿಗಳು ‘ಬ್ಲೂ’ ಅಂತ ಎಳೆದು ಕೂಗುತ್ತಾರೆ. ನಾನು ಮೊದಲ ಸಲ ಅದನ್ನ ಬೂ ಅಂದುಕೊಂಡು, ಪಾಪ ಮಕ್ಕಳಿಗೆ ಹೀಗಾ ಅನ್ನೋದು ಅಂತ ಪಕ್ಕದವರ ಜೊತೆ ಜಗಳಕ್ಕೇ ನಿಂತಿದ್ದೆ.)

ಅದೇ ಬ್ಲೂಕೋಟ್ಸ್ 2014ರಲ್ಲಿ ಇಡೀ ತಂಡದ ಸ್ವರವನ್ನೇ ಕೆಳಕ್ಕೆ ಮೇಲಕ್ಕೆ ಜಾರಿಸಿದಾಗ ಸ್ಟೇಡಿಯಂ ಹುಚ್ಚೆದ್ದಿತ್ತು, ಅದನ್ನೂ ಒಪ್ಪುತ್ತೇನೆ. ಅಮ್ಮನಿಗೆ ಆ ವಿಡಿಯೊ ತೋರಿಸಿದಾಗ “ಜಾರು ಕಣೋ, ಗಮಕ” ಅಂದರು, ಏನೂ ವಿಶೇಷ ಇಲ್ಲ ಅನ್ನೋ ಹಾಗೆ. ಎಂಟನೇ ಕ್ರಾಸಿನ ಗಣಪತಿ ಕಚೇರಿಗಳನ್ನ ಕೇಳಿ ಬೆಳೆದ ಜೀವ. ಚೆನ್ನಾಗಿ ಬಂದ ಜಾಗದಲ್ಲೇ, ಆ ಕ್ಷಣದಲ್ಲೇ ‘ಭಲೇ’ ಅನ್ನಬೇಕು, ಮನೆಗೆ ಹೋಗಿ ಅಂದರೆ ಪಾಡೇನು?

ಕಾರಿನಲ್ಲಿ ಮಗಳು ಬೇರೆ ಆ ಕಡೆಯವಳಾದಳು. ಅವಳು ಸ್ಕೂಲ್ ಬ್ಯಾಂಡಿನಲ್ಲಿ ಮುಂದೆ ನಿಂತು ಮರಿಂಬಾ (ಮರದ ಪಟ್ಟಿಗಳನ್ನ ಕೋಲಿನಿಂದ ಬಾರಿಸೋ ವಾದ್ಯ) ನುಡಿಸುತ್ತಾಳೆ; ಆ ಮುಂದಿನ ಗುಂಪಿಗೆ ಪಿಟ್ ಅಂತಾರೆ. “ಅಪ್ಪಾ, ಪಿಟ್‌ನವರು ಹಿಂದಿನ ಡ್ರಮ್‌ಲೈನ್ ಕೇಳಿಕೊಂಡು ನುಡಿಸಬೇಕು. ಜನ ಕಿರುಚಿದರೆ ಟೈಮ್ ಹೋಗುತ್ತೆ” ಅಂದಳು. ಆಗಲಮ್ಮ, 1988ರ ಮಕ್ಕಳಿಗೆ ಕಿವಿ ಇರಲಿಲ್ಲವಾ? ಆ ಗಲಾಟೆಯಲ್ಲೇ ನುಡಿಸಿ ಗೆಲ್ಲಲಿಲ್ಲವಾ? ಅವಳು ಇಯರ್‌ಫೋನ್ ಹಾಕಿಕೊಂಡಳು. ಚರ್ಚೆ ಮುಗೀತು.

ಇನ್ನೊಂದು ಹೇಳಿಬಿಡುತ್ತೇನೆ, ಹೇಳದಿದ್ದರೆ ನಿದ್ದೆ ಬರಲ್ಲ. ಅಜ್ಜನ ಜೊತೆ ನಾನು ಕೊನೆಯ ಸಲ ಶೋಗೆ ಹೋದಾಗ ಅವರು ಎಂದಿನಂತೆ ಎದ್ದು ಕೂಗಿದರು. ಅಷ್ಟು ಹೊತ್ತಿಗೆ ನಾನೂ ಎಲ್ಲ ಕಲಿತಿದ್ದೆ, ಯಾವ ವಿಭಾಗಕ್ಕೆ ಎಷ್ಟು ಅಂಕ ಅಂತೆಲ್ಲ. ಅವರ ತೋಳು ಹಿಡಿದು, “ಸರ್, ಸ್ವಲ್ಪ ಕೂತ್ಕೊಳ್ಳಿ, ಹಿಂದಿನವರಿಗೆ ಕಾಣಲ್ಲ” ಅಂದೆ. ಹಿಂದೆ ಯಾರೂ ಇರಲಿಲ್ಲ. ಅವರು ನನ್ನನ್ನ ನೋಡಿ, ಟೋಪಿ ಸರಿ ಮಾಡಿಕೊಂಡು ಕೂತರು. ಮುಂದಿನ ಬೇಸಿಗೆಗೆ ಅವರಿರಲಿಲ್ಲ.

ನಿನ್ನೆ ಶೋ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಒಂದು ಡ್ರಮ್‌ಲೈನ್ ಸುಮ್ನೆ ನುಡಿಸುತ್ತಾ ನಿಂತಿತ್ತು. ಸುತ್ತ ಇಪ್ಪತ್ತು ಮೂವತ್ತು ಜನ. ಅಮ್ಮ ನಾನು ಹಿಡಿಯೋಷ್ಟರಲ್ಲಿ ದೊಡ್ಡ ಬಾಸ್ ಡ್ರಮ್ಮಿನ ಪಕ್ಕಕ್ಕೇ ಹೋಗಿ ನಿಂತು ತೊಡೆಯ ಮೇಲೆ ತಾಳ ಹಾಕೋಕೆ ಶುರು ಮಾಡಿದರು. “ಇದೇನೋ, ಐದಕ್ಕೂ ಕೂರಲ್ಲ, ಏಳಕ್ಕೂ ಕೂರಲ್ಲ” ಅಂತ ಮೂರು ಸಲ ತಪ್ಪಿ, ನಾಲ್ಕನೇ ಸಲ ಸಮಕ್ಕೆ ಬಂದು ಬಿದ್ದರು. ಡ್ರಮ್ಮಿನ ಹುಡುಗ ನೋಡಿ ಹಲ್ಲು ಬಿಟ್ಟ. ಅಲ್ಲಿ ಯಾರೂ ಶ್ಶ್ ಅನ್ನಲಿಲ್ಲ. ಡಬ್ಬಿ ತೆಗೆದು ಆ ಹುಡುಗನಿಗೇ ಕೋಡುಬಳೆ ಕೊಟ್ಟರು. ಖಾರ ತಡೆಯಲಾರದೆ ಅವನು ಕಣ್ಣೀರು ಹಾಕಿದ್ದು ಬೇರೆ ವಿಷಯ.

ಅಂದಹಾಗೆ ಮುಂದಿನ ಸಾಲಿನವನ ಆ ವಿಡಿಯೊ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದರೆ ನನಗೆ ಕಳಿಸಿ. ಏಳನೇ ನಿಮಿಷದ ಹತ್ತಿರ, ತುತ್ತೂರಿಗಳ ಮೇಲೆ, ಒಂದು ‘ಭಲೇ’ ಕೇಳುತ್ತೆ. ಅದು ನಮ್ಮಮ್ಮ.