ಹೊಸ ನೌಕರಿಯಾಗ ಆಪರೇಷನ್ ಸೂಟಿ: ಕೇಳೋ ಮೊದಲು ಕ್ಯಾಲೆಂಡರ್ ನೋಡ್ರಿ

ನೌಕರಿಗೆ ಸೇರಿ ಎರಡು ತಿಂಗಳಾಗಿರ್ತದ. ಹರ್ನಿಯಾ ಆಪರೇಷನ್ನಿಗೆ ಡಾಕ್ಟರು ತಾರೀಖು ಕೊಟ್ಟಿರ್ತಾರ. ನಮ್ಮ ಕಡೆ ಮಂದಿ ಮಾಡೋದೇನು? ಆಪರೇಷನ್ ಅಂದ್ರ ನೌಕರಿಯಿಂದ ತೆಗೆದು ಹಾಕ್ತಾರ ಅಂತ ಹೆದರಿ, ಊರಾಗ ಜಾತ್ರಿ ಅಂತ ನಾಲ್ಕು ದಿನ ಸೂಟಿ ಹಾಕ್ತಾರ. ಆಮೇಲೆ ಫೋನ್ ಎತ್ತೋದಿಲ್ಲ. ಹದಿನೈದನೇ ದಿನ ಡಿಸ್ಚಾರ್ಜ್ ಚೀಟಿ ಹಿಡಕೊಂಡು ಬಂದು ನಿಲ್ತಾರ. ನನ್ನ ಪ್ರಕಾರ ನೌಕರಿ ಕಳೆಯೋದು ಆಪರೇಷನ್ ಅಲ್ಲ, ಈ ಜಾತ್ರಿ. ತಾರೀಖು ಮೊದಲೇ ಗೊತ್ತಿದ್ರ ಮಾಲೀಕ ಬದಲಿ ಆಳು ನೋಡಿಕೊಳ್ತಾನ. ಗೊತ್ತಿಲ್ಲದಿದ್ರ ಶಿಫ್ಟ್ ನಿಲ್ತದ.

ಇಂಟರ್‌ವ್ಯೂದಾಗ ಹೇಳೋ ಅಗತ್ಯ ಇಲ್ಲ. ಆಫರ್ ಲೆಟರ್ ಕೈಗೆ ಬಂದ ಮೇಲೆ, ಸೇರೋ ಮೊದಲು ಹೇಳ್ರಿ. ಸೇರಿದ ಮೇಲೆ ತಾರೀಖು ಸಿಕ್ಕಿದ್ರ ಆ ವಾರದಾಗೇ ಹೇಳ್ರಿ. ‘ಸ್ವಲ್ಪ ಆರಾಮಿಲ್ಲ ಸರ್’ ಅಂತ ಮುಲುಗಬ್ಯಾಡ್ರಿ. ‘ಸರ್, ಜುಲೈ 6ಕ್ಕ ನನ್ನ ಹರ್ನಿಯಾ ಆಪರೇಷನ್ ಐತ್ರಿ. 21 ದಿನ ಸೂಟಿ ಬೇಕ್ರಿ. ಆಮ್ಯಾಗ ಮೂರು ವಾರ ಭಾರ ಎತ್ತೋದು ಆಗಂಗಿಲ್ರಿ, ಹಗುರ ಕೆಲಸ ಮಾಡ್ತೀನ್ರಿ.’ ಇಷ್ಟು ಸಾಕು. ಬಾಯಿಲೇ ಹೇಳಿದ್ದನ್ನ ಅವತ್ತೇ ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಳ್ರಿ. ಗಿಣಿಗೇರಾ, ತೋರಣಗಲ್ಲು ಕಡೆ ಉಕ್ಕಿನ ಕಾರ್ಖಾನೆಗಳಾಗ ಗುತ್ತಿಗೆ ಮೇಲೆ ಇರೋರು ಪ್ಲಾಂಟಿನ ಸೂಪರ್‌ವೈಸರಿಗೆ ಹೇಳಿ ಸುಮ್ಮನಾಗಬಾರದು. ನಿಮ್ಮ ಹಾಜರಿ, ಪಗಾರ ಗುತ್ತಿಗೆದಾರನ ಕೈಯಾಗ ಇರ್ತದ, ಅರ್ಜಿ ಅವನಿಗೂ ಹೋಗಬೇಕು.

ಎಷ್ಟು ದಿನ ಕೇಳೋದು? ಇಲ್ಲೇ ಬಹಳ ಮಂದಿ ಎಡವೋದು. ಡಿಸ್ಚಾರ್ಜ್ ಚೀಟಿಯಾಗ ‘7 ದಿನ ವಿಶ್ರಾಂತಿ’ ಅಂತ ಇರ್ತದ. ಅದು ಮನಿಯಾಗ ಇರೋದಕ್ಕ, ಗಂಗಾವತಿ ರೈಸ್ ಮಿಲ್ಲಿನಾಗ ಚೀಲ ಹೊರೋದಕ್ಕಲ್ಲ. ಹರ್ನಿಯಾಕ್ಕ ಕುರ್ಚಿ ಕೆಲಸ ಆದ್ರ ಒಂದೆರಡು ವಾರ, ಭಾರ ಎತ್ತೋ ಕೆಲಸ ಆದ್ರ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕಣ್ಣಿನ ಪೊರೆ ತೆಗೆಸಿದೋರು ನಾಲ್ಕೈದು ದಿನಕ್ಕ ಓಡಾಡ್ತಾರ, ಆದ್ರ ಸ್ಪಾಂಜ್ ಐರನ್ ಕಾರ್ಖಾನೆಯ ಧೂಳಿನಾಗ ಅಷ್ಟು ಬೇಗ ಹೋಗಬಾರದು. ಮೂಲವ್ಯಾಧಿ ಆಪರೇಷನ್ ಆದವರು ಬಳ್ಳಾರಿ ಜೀನ್ಸ್ ಘಟಕದಾಗ ಎಂಟು ತಾಸು ಮಷಿನ್ ಮುಂದೆ ಕೂಡೋದು ಕಷ್ಟ. ಅದಕ್ಕ ಏನು ಕೆಲಸ ಮಾಡ್ತೀರಿ ಅಂತ ಡಾಕ್ಟರಿಗೆ ಬಿಡಿಸಿ ಹೇಳ್ರಿ. ಎಷ್ಟು ಕಿಲೋ ತನಕ ಎತ್ತಬಹುದು, ರಾತ್ರಿ ಪಾಳಿ ಯಾವಾಗಿಂದ ಅಂತ ಬೇರೆ ಚೀಟಿ ಬರೆಸಿಕೊಳ್ರಿ.

ಈಗ ರೊಕ್ಕದ ಮಾತು. ತಿಂಗಳ ಪಗಾರ 21,000 ರೂಪಾಯಿ ತನಕ ಇದ್ದೋರಿಗೆ ಸಾಮಾನ್ಯವಾಗಿ ಇಎಸ್‌ಐ, ಅಂದ್ರ ಕಾರ್ಮಿಕರ ಸರ್ಕಾರಿ ವಿಮೆ ಇರ್ತದ. ಪಗಾರ ಚೀಟಿಯಾಗ ಅದರ ವಂತಿಗೆ ಅಂತ 0.75% ಮುರಿದಿರ್ತಾರ, 15,000ಕ್ಕ 113 ರೂಪಾಯಿ. ಕಾಯಿಲೆ ಭತ್ಯೆ ಅಂತ ಸರಾಸರಿ ದಿನಗೂಲಿಯ 70%, ವರ್ಷಕ್ಕ 91 ದಿನದ ತನಕ ಸಿಗ್ತದ. ಆದ್ರ ವಂತಿಗೆ ಕಟ್ಟಿದ ಕೂಡಲೇ ಸಿಗೋದಿಲ್ಲ. ಏಪ್ರಿಲ್–ಸೆಪ್ಟೆಂಬರ್‌ದಾಗ ಕನಿಷ್ಠ 78 ದಿನದ ವಂತಿಗೆ ಆಗಿದ್ರ ಮುಂದಿನ ಜನವರಿ–ಜೂನ್‌ದಾಗ ಭತ್ಯೆ. ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈ–ಡಿಸೆಂಬರ್. ಮೊದಲ ಸಲ ಇಎಸ್‌ಐಗೆ ಸೇರಿದೋರಿಗೆ ಸೇರಿದ ದಿನದಿಂದ ಒಂಬತ್ತು ತಿಂಗಳು ಕಳೀಬೇಕು.

ಅಕ್ಟೋಬರ್ 1ಕ್ಕ ಮೊದಲ ನೌಕರಿ ಹಿಡಿದು, ಮೇ ತಿಂಗಳಾಗ ಬೇರೆ ಕಡೆ ಸೇರಿದ ಹುಡುಗ ಜೂನ್ 8ಕ್ಕ ಆಪರೇಷನ್ ಮಾಡಿಸಿ ಜೂನ್‌ದಾಗೇ ಕೆಲಸಕ್ಕ ಬಂದ್ರ ಭತ್ಯೆ ಸೊನ್ನೆ. ಜುಲೈ 6ಕ್ಕ ಮಾಡಿಸಿದ್ರ, ದಿನಗೂಲಿ ಸರಾಸರಿ 500 ಇದ್ದಾಗ, 21 ದಿನದಾಗ ಭತ್ಯೆ ಇಲ್ಲದ ಮೊದಲ ಎರಡು ದಿನ ಬಿಟ್ಟು 19 ದಿನಕ್ಕ 350ರಂತೆ 6,650 ರೂಪಾಯಿ. ಸ್ವಲ್ಪ ದಿನ ಕಾಯಬಹುದಾದ ಆಪರೇಷನ್ನೋ ಅಲ್ಲೋ ಅಂತ ಡಾಕ್ಟರನ್ನ ಕೇಳಿಯೇ ತಾರೀಖು ಸರಿಸ್ರಿ. ಹರ್ನಿಯಾ ಸಿಕ್ಕಿಕೊಂಡು ನೋವು, ವಾಂತಿ ಶುರುವಾದ್ರ ಭತ್ಯೆ ಲೆಕ್ಕ ಹಾಕ್ತಾ ಕೂಡಬ್ಯಾಡ್ರಿ.

ಆ ಹುಡುಗನ ಲೆಕ್ಕ ಕೂಡಬೇಕಂದ್ರ ಇನ್ನೊಂದು ಆಗಿರಬೇಕು: ಹಳೇ ಇಎಸ್‌ಐ ನಂಬರನ್ನೇ ಹೊಸ ಕಡೆ ಕೊಟ್ಟಿರಬೇಕು. ಅವಸರಕ್ಕ ಅವರು ಹೊಸ ನಂಬರ್ ತೆಗೆದ್ರ ಹಳೇ ವಂತಿಗೆ ಬ್ಯಾರೆ ಖಾತೆಯಾಗ ಉಳೀತದ, ಒಂಬತ್ತು ತಿಂಗಳು ಮತ್ತೆ ಮೊದಲಿಂದ. ಸೇರಿದ ವಾರದಾಗೇ ಪಗಾರ ಚೀಟಿಯಾಗಿನ ನಂಬರ್ ಹಳೇದಕ್ಕ ಹೋಲಿಸಿ ನೋಡ್ರಿ. ಮತ್ತ ಖಾಸಗಿ ಆಸ್ಪತ್ರೆಯ ಚೀಟಿ ಒಂದನ್ನೇ ಹಿಡಕೊಂಡು ಹೋದ್ರ ಭತ್ಯೆ ಆಗೋದಿಲ್ಲ, ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ಅದಕ್ಕ ಆಪರೇಷನ್ನಿಗೆ ಮೊದಲೇ ಇಎಸ್‌ಐ ಚಿಕಿತ್ಸಾಲಯಕ್ಕ ಹೋಗಿ ಬರ್ರಿ.

21,000 ದಾಟಿದೋರು ಎಚ್‌ಆರ್‌ಗೆ ಕೇಳೋದು ಎರಡೇ: ಕಂಪನಿಯ ಗ್ರೂಪ್ ಆರೋಗ್ಯ ವಿಮೆ ಪಾಲಿಸಿಯಾಗ ನನ್ನ ಹೆಸರು ಯಾವ ತಾರೀಖಿಗೆ ಸೇರ್ತದ, ಹಳೇ ಕಾಯಿಲೆಗೆ ಕಾಯೋ ಅವಧಿ ಐತೋ ಇಲ್ಲೋ. ಸ್ವಂತ ಪಾಲಿಸಿಯಾಗ ಹರ್ನಿಯಾ, ಕಣ್ಣಿನ ಪೊರೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಿಸ್ತಾರ.

ಅಂಗಡಿ, ಶೋರೂಮ್, ಕಚೇರಿಯಾಗ ಇರೋರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಾಗ ಮೊದಲ ವರ್ಷವೇ ಕಾಯಿಲೆ ಮುಂತಾದ ಕಾರಣಕ್ಕ 12 ದಿನದ ತನಕ ಪಗಾರ ಸಹಿತ ರಜೆ ಐತಿ. ಹೊಸಬರಿಗೆ ಇಲ್ಲ ಅನ್ನೋ ಮಾಲೀಕರಿಗೆ ಸಮಾಧಾನದಿಂದ ಇದನ್ನ ತೋರಿಸ್ರಿ. ಪ್ರೊಬೇಷನ್ ಇದ್ರ ರಜೆಯ ಅಷ್ಟು ದಿನ ಮುಂದಕ್ಕ ಹೋಗಬಹುದು, ನೇಮಕಾತಿ ಪತ್ರದಾಗ ಓದಿಕೊಳ್ರಿ.

ವಾಪಸ್ ಬರೋ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಕಿಸೆಯಾಗ ಇರಲಿ. ಅದಿಲ್ಲದಿದ್ರ ಎಷ್ಟೋ ಕಡೆ ಸೆಕ್ಯೂರಿಟಿಯವರು ಗೇಟಿನಿಂದಲೇ ತಿರುಗಿಸಿ ಕಳಿಸ್ತಾರ, ಆ ದಿನದ ಪಗಾರ ನಿಮ್ಮ ಲೆಕ್ಕಕ್ಕ.