ಹಾಲು ಚೆಲ್ಲಿದ್ದು ರಾತ್ರಿ ಒಂಬತ್ತಕ್ಕೆ, ನನಗೆ ಗೊತ್ತಾಗಿದ್ದು ಬೆಳಗ್ಗೆ ಏಳಕ್ಕೆ

ಮಗಳು ಎಂಟನೇ ಕ್ಲಾಸು. ಹೋದ ತಿಂಗಳು ಒಂದು ಬೆಳಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದಾಗ ಹತ್ತಿರ ಬಂದು, "ಅಪ್ಪ, ಲ್ಯಾಪ್‌ಟಾಪ್ ಯಾಕೋ ಆನ್ ಆಗ್ತಿಲ್ಲ" ಅಂದಳು. ಆ "ಯಾಕೋ" ಸ್ವಲ್ಪ ಜಾಸ್ತಿಯೇ ಉದ್ದ ಇತ್ತು. ನಾನು ಗಮನಿಸಲಿಲ್ಲ. ಚಾರ್ಜ್ ಇಲ್ಲವೇನೋ ಅಂದುಕೊಂಡು ಚಾರ್ಜರ್ ಸಿಕ್ಕಿಸಿದೆ. (ಅದನ್ನು ಮಾಡಲೇಬಾರದಿತ್ತು. ಆ ಕಥೆ ಮುಂದೆ.) ಲೈಟ್ ಬರಲಿಲ್ಲ. ಬಗ್ಗಿ ನೋಡಿದರೆ ಕೀಬೋರ್ಡ್‌ನಿಂದ ಹುಳಿ ಹಿಡಿದ ಹಾಲಿನ ವಾಸನೆ. ಸ್ಪೇಸ್ ಬಾರ್ ಒತ್ತಿದೆ. ಒಳಗೆ ಹೋಯಿತು, ಮೇಲೆ ಬರಲೋ ಬೇಡವೋ ಅಂತ ಯೋಚಿಸುತ್ತಾ ಅಲ್ಲೇ ಕೂತಿತು.

"ಏನು ಚೆಲ್ಲಿದೀಯಾ?" ಅಂತ ಕೇಳಿದೆ. ಕೇಳಿದೆ ಅನ್ನುವುದು ಸುಮ್ನೆ ಮರ್ಯಾದೆಗೆ. ಕೂಗಿದೆ.

ಆಮೇಲೆ ಅಳು, ಬಿಕ್ಕಳಿಕೆ ಎಲ್ಲ ಮುಗಿದ ಮೇಲೆ ಒಂದೊಂದಾಗಿ ಹೊರಗೆ ಬಂತು. ಹಿಂದಿನ ರಾತ್ರಿ ಒಂಬತ್ತು ಗಂಟೆ. ಹತ್ತಕ್ಕೆ ಒಂದು ಪ್ರಾಜೆಕ್ಟ್ ಕಳಿಸಬೇಕಿತ್ತು. ಪಕ್ಕದಲ್ಲಿ ಅರ್ಧ ಲೋಟ ಸಕ್ಕರೆ ಹಾಕಿದ ಹಾಲು. ಮೌಸ್ ಎಳೆದಾಗ ಮೊಣಕೈ ತಾಗಿ ಲೋಟ ಮಗುಚಿದೆ. ಇವಳು ಟವೆಲ್ ತಂದು ಮೇಲೆ ಮೇಲೆ ಒರೆಸಿದ್ದಾಳೆ, ಫ್ಯಾನ್ ಜೋರು ಮಾಡಿದ್ದಾಳೆ, ಟೈಪ್ ಮಾಡುವುದನ್ನು ಮುಂದುವರಿಸಿದ್ದಾಳೆ. ಫೈಲ್ ಇನ್ನೂ ಸೇವ್ ಆಗಿರಲಿಲ್ಲವಂತೆ, ಹಾಗಾಗಿ ಆಫ್ ಮಾಡಲು ಭಯ. ಸುಮಾರು ಅರ್ಧ ಗಂಟೆ ಆದ ಮೇಲೆ ಅಕ್ಷರಗಳು ತಾವಾಗಿಯೇ ಮೂಡತೊಡಗಿವೆ. ಆಮೇಲೆ ಸ್ಕ್ರೀನ್ ಕಪ್ಪಾಗಿದೆ. ಪವರ್ ಬಟನ್ ಎಷ್ಟು ಸಲ ಒತ್ತಿದೆ ಅಂತ ಕೇಳಿದೆ. "ಒಂದು ಇಪ್ಪತ್ತು ಸಲ" ಅಂದಳು. ಬೆಳಗ್ಗೆ ಎದ್ದು ಇನ್ನೊಂದು ಹತ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಆ ಲ್ಯಾಪ್‌ಟಾಪ್ ಹಾಲಿನಿಂದ ಹೋಗಲಿಲ್ಲ. ನಾನು ಬೈಯುತ್ತೇನೆ ಅನ್ನುವ ಭಯದಿಂದ ಹೋಯಿತು. ಹಾಲು ಬರೀ ಶುರು ಮಾಡಿತು ಅಷ್ಟೇ.

ಇದು ಮಕ್ಕಳನ್ನು ಮುದ್ದು ಮಾಡುವ ಮಾತಲ್ಲ. ಒಳಗೆ ಏನಾಗುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ. ನಲ್ಲಿ ನೀರಿನಲ್ಲಿ, ಹಾಲಿನಲ್ಲಿ, ಜ್ಯೂಸಿನಲ್ಲಿ ಲವಣ ಇರುತ್ತದೆ, ಆಮ್ಲ ಇರುತ್ತದೆ, ಅದಕ್ಕೇ ಹರಿಯುತ್ತದೆ. ಮದರ್‌ಬೋರ್ಡ್, ಅಂದರೆ ಲ್ಯಾಪ್‌ಟಾಪ್ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ, ಅದರ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ತಾಮ್ರದ ಗೆರೆಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ವೋಲ್ಟೇಜ್. ಎರಡರ ಮಧ್ಯೆ ಒಂದು ಹನಿ ಕೂತಿದೆ, ಬೋರ್ಡ್‌ನಲ್ಲಿ ಕರೆಂಟೂ ಇದೆ ಅಂದರೆ ಒಂದು ಕಡೆಯ ತಾಮ್ರ ಕರಗಿ ಇನ್ನೊಂದು ಕಡೆಗೆ ಹೊರಡುತ್ತದೆ. ಸ್ಕೂಲಿನಲ್ಲಿ ಬ್ಯಾಟರಿ, ಎರಡು ತಂತಿ ಇಟ್ಟುಕೊಂಡು ಚಮಚಕ್ಕೆ ತಾಮ್ರ ಲೇಪಿಸುವ ಪ್ರಯೋಗ ಮಾಡಿಸುತ್ತಾರಲ್ಲ, ಅದೇ. ಕೆಲವೇ ನಿಮಿಷದಲ್ಲಿ ಗೆರೆ ಸವೆಯಲು ಶುರು. ಕರೆಂಟ್ ಇಲ್ಲದಿದ್ದರೂ ತುಕ್ಕು ಹಿಡಿಯುತ್ತದೆ, ಆದರೆ ನಿಧಾನಕ್ಕೆ. ನಮಗೆ ಒಂದಿಷ್ಟು ಸಮಯ ಸಿಗುತ್ತದೆ.

ಅಂದರೆ ಮೊದಲ ಒಂದೆರಡು ನಿಮಿಷ ಎಲ್ಲಕ್ಕಿಂತ ಮುಖ್ಯ. ಆ ಎರಡು ನಿಮಿಷದಲ್ಲಿ ಅಲ್ಲಿ ಇರುವುದು ಮಗು ಒಂದೇ. ನಾವು ಅಡುಗೆಮನೆಯಲ್ಲೋ, ಫೋನಿನಲ್ಲೋ ಇರುತ್ತೇವೆ. ಆ ಮಗು ಆಗ ಯೋಚಿಸುವುದು ಚಾರ್ಜರ್ ಬಗ್ಗೆಯಾ, ನಮ್ಮ ಮುಖದ ಬಗ್ಗೆಯಾ? ನಮ್ಮ ಮನೆಯಲ್ಲಿ ಮುಖದ ಬಗ್ಗೆ ಯೋಚಿಸಿತು. ಅದರ ಹಿಂದಿನ ವರ್ಷ ಚಾರ್ಜರ್ ವೈರ್ ಮುರಿದಾಗ ನಾನು ಎರಡು ದಿನ ಗೊಣಗಿದ್ದು ಅವಳಿಗೆ ನೆನಪಿತ್ತು. ನನಗೆ ಮರೆತೇ ಹೋಗಿತ್ತು.

ಮಗುವಿಗೆ ಇಷ್ಟು ಹೇಳಿಕೊಟ್ಟಿದ್ದರೆ ಸಾಕಿತ್ತು: ಏನೇ ಚೆಲ್ಲಿದರೂ ಮೊದಲು ಚಾರ್ಜರ್ ಕೀಳು. ಪ್ಲಗ್ ಹತ್ತಿರವೇ ಒದ್ದೆ ಆಗಿದ್ದರೆ ಅದನ್ನು ಮುಟ್ಟಬೇಡ, ಗೋಡೆಯ ಸ್ವಿಚ್ ಆರಿಸು, ಇಲ್ಲ ನನ್ನನ್ನು ಕರೆ. ಆಮೇಲೆ ಪವರ್ ಬಟನ್ ಒತ್ತಿ ಹಿಡಿದುಕೋ, ಸ್ಕ್ರೀನ್ ಪೂರ್ತಿ ಆರುವವರೆಗೆ. ಸಾಮಾನ್ಯವಾಗಿ ಹತ್ತು ಸೆಕೆಂಡ್‌ನೊಳಗೆ ಆರುತ್ತದೆ. ಮೆನುಗೆ ಹೋಗಿ, ಶಟ್ ಡೌನ್ ಹುಡುಕಿ, "ಸೇವ್ ಮಾಡಬೇಕೇ" ಅಂತ ಅದು ಕೇಳಿ, ನೀನು ಉತ್ತರ ಕೊಟ್ಟು... ಅದೆಲ್ಲ ಬೇಡ. ಫೈಲ್ ಹೋದರೆ ಹೋಗಲಿ. ಈ ಕೊನೆಯ ವಾಕ್ಯವನ್ನು ದೊಡ್ಡವರು ಮೊದಲೇ, ಏನೂ ಚೆಲ್ಲದ ದಿನವೇ, ಬಾಯಿ ಬಿಟ್ಟು ಹೇಳಿರಬೇಕು. ಇಲ್ಲದಿದ್ದರೆ ಹೋಂವರ್ಕ್ ಸೇವ್ ಆಗದೆ ಯಾವ ಮಗುವೂ ಲ್ಯಾಪ್‌ಟಾಪನ್ನು ತಾನಾಗಿ ಆಫ್ ಮಾಡುವುದಿಲ್ಲ.

ಆರಿದ ಮೇಲೆ ಸಿಕ್ಕಿಸಿದ ಪೆನ್ ಡ್ರೈವ್, ಮೌಸ್ ಎಲ್ಲ ಕಿತ್ತು, ಲ್ಯಾಪ್‌ಟಾಪನ್ನು ಬೋರಲು ಹಾಕಬೇಕು. ಓದುತ್ತಿರುವ ಪುಸ್ತಕವನ್ನು ತೆರೆದ ಹಾಗೇ ಬೋರಲು ಇಟ್ಟು ಎದ್ದು ಹೋಗುತ್ತೇವಲ್ಲ, ಹಾಗೆ. ಕೀಬೋರ್ಡ್ ಕೆಳಮುಖ, ಅಡಿಯಲ್ಲಿ ದಪ್ಪ ಟವೆಲ್. ಬಂದ ದಾರಿಯಲ್ಲೇ ಇಳಿದು ಹೋಗಲಿ. ಕೊಡವಬಾರದು, ಅಲ್ಲಾಡಿಸಬಾರದು. ಕೊಡವಿದರೆ ಕೀಬೋರ್ಡ್‌ನಲ್ಲಿ ನಿಂತಿದ್ದ ಹನಿ ಒಳಗಿನ ಬೋರ್ಡ್‌ವರೆಗೂ ಹೋಗುತ್ತದೆ.

ಕಷ್ಟ ಇರುವುದು ಬ್ಯಾಟರಿಯಲ್ಲಿ. ಹಿಂದೆ ಅಡಿಯಲ್ಲಿ ಒಂದು ಚಿಲಕ ಎಳೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗಿನವುಗಳಲ್ಲಿ ಒಳಗಡೆ ಇರುತ್ತದೆ. ಹಾಗಾಗಿ "ಆಫ್" ಅಂತ ನಾವು ಅಂದುಕೊಂಡರೂ ಬೋರ್ಡ್‌ನ ಕೆಲವು ಕಡೆ ಕರೆಂಟ್ ಇದ್ದೇ ಇರುತ್ತದೆ. ಗೊತ್ತಿದ್ದವರು ಅಡಿಭಾಗದ ಸ್ಕ್ರೂ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ತೆಗೆದರೆ ಅರ್ಧ ಗಂಡಾಂತರ ಕಳೆದ ಹಾಗೆ. ಗೊತ್ತಿಲ್ಲದಿದ್ದರೆ ಅವತ್ತೇ ರಿಪೇರಿಯವರ ಹತ್ತಿರ ಹೋಗುವುದು ಒಳ್ಳೆಯದು. ಬ್ಯಾಟರಿ ಊದಿಕೊಂಡಿದ್ದರೆ, ಬಿಸಿ ಆಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಮಾತ್ರ ಅದರ ತಂಟೆಗೆ ಹೋಗಬೇಡಿ. ದೂರ ಸರಿಯಿರಿ, ಮಗುವನ್ನೂ ಕರೆದುಕೊಂಡು.

ಈಗ ಅಕ್ಕಿ ಡಬ್ಬಿ. ನಮ್ಮ ಸಂಬಂಧಿಕರಲ್ಲಿ ಒಬ್ಬರು ವಿಷಯ ಕೇಳಿದ ಕೂಡಲೇ "ಅಕ್ಕಿಯೊಳಗೆ ಹೂತಿಡಿ" ಅಂದರು. ಇನ್ನೊಬ್ಬರು ಹೇರ್ ಡ್ರೈಯರ್. ಎರಡೂ ಬೇಡ. ಅಕ್ಕಿ ಮುಚ್ಚಿದ ಪೆಟ್ಟಿಗೆಯೊಳಗಿನ ಹನಿಯನ್ನು ಹೀರುವುದಿಲ್ಲ, ತನ್ನ ಹುಡಿಯನ್ನು ಮಾತ್ರ ಸಂದುಗೊಂದಿಗೆ ತುಂಬುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಚೂರುಗಳಿಂದ ಫೋನ್ ಹಾಳಾಗಬಹುದು ಅಂತ ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ. ಡ್ರೈಯರ್ ಬಿಸಿಗೆ ಕೀಗಳ ಪ್ಲಾಸ್ಟಿಕ್ ಸೊಟ್ಟಗಾಗಬಹುದು, ಗಾಳಿ ಹನಿಯನ್ನು ಇನ್ನೂ ಒಳಗೆ ತಳ್ಳುತ್ತದೆ. ಮುಖ್ಯವಾಗಿ, ಒಣಗಿಸಿದರೆ ಹೋಗುವುದು ನೀರು ಮಾತ್ರ. ಹಾಲಿನ ಕೊಬ್ಬು, ಸಕ್ಕರೆ, ಲವಣ ಎಲ್ಲ ಅಲ್ಲೇ ಉಳಿಯುತ್ತದೆ. ಗಾಳಿಯ ತೇವ ಹೀರಿಕೊಂಡು ದಿನವೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. "ಒಣಗಿಸಿದ ಮೇಲೆ ಎರಡು ವಾರ ಚೆನ್ನಾಗೇ ಇತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಸತ್ತಿತು" ಅನ್ನುವವರ ಕಥೆ ಇದೇ. ಇದ್ದಕ್ಕಿದ್ದ ಹಾಗೆ ಅಲ್ಲ, ಎರಡು ವಾರವೂ ಸಾಯುತ್ತಲೇ ಇತ್ತು.

ಬರೀ ನೀರು, ಅದೂ ನಾಲ್ಕು ಹನಿ ಆದರೆ, ಆರಿಸಿ ಬೋರಲು ಹಾಕಿ ಎರಡು ದಿನ ಕಾದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಸಿಹಿ, ಹಾಲು, ಉಪ್ಪು ನೀರು ಇದ್ದರೆ ಕಾಯುವುದರಿಂದ ಲಾಭವಿಲ್ಲ. ಬಿಚ್ಚಿ ತೊಳೆಯಲೇಬೇಕು.

ನಾವು ಕೊಂಡುಹೋದಾಗ ರಿಪೇರಿ ಹುಡುಗ ನಮ್ಮೆದುರೇ ಬಿಚ್ಚಿದ. ಇಂಥ ಮೆಷಿನ್‌ಗಳ ಒಳಗೆ ಅಲ್ಲಲ್ಲಿ ಸಣ್ಣ ಬಿಳಿ ಸ್ಟಿಕ್ಕರ್ ಅಂಟಿಸಿರುತ್ತಾರೆ, ತೇವ ತಾಗಿದರೆ ಕೆಂಪಾಗುತ್ತದೆ. ನಮ್ಮದರಲ್ಲಿ ಎರಡು ಕೆಂಪು. ಅಲ್ಲಿಗೆ ವಾರಂಟಿ ಮಾತು ಮುಗಿಯಿತು. ಮಾಮೂಲಿ ವಾರಂಟಿ ಚೆಲ್ಲಿದ್ದಕ್ಕೆ ಬರುವುದಿಲ್ಲ, ಆಕಸ್ಮಿಕ ಹಾನಿಯ ಪ್ಲಾನ್ ಬೇರೆಯೇ ತೆಗೆದುಕೊಂಡಿರಬೇಕು. ಆಮೇಲೆ ಅವನು ಭೂತಗನ್ನಡಿ ಕೆಳಗೆ ಬೋರ್ಡ್ ಹಿಡಿದು ನನಗೆ ತೋರಿಸಿದ. ಒಂದು ಚಿಪ್‌ನ ಕಾಲುಗಳ ಸುತ್ತ ಹಸಿರು. ಹಳೇ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬು ಇದೆಯಲ್ಲ, ಅದೇ ಬಣ್ಣ. ಒಂದೇ ರಾತ್ರಿಯಲ್ಲಿ! ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನುವ ಕ್ಲೀನಿಂಗ್ ದ್ರವ ಹಾಕಿ ಹಲ್ಲುಜ್ಜುವ ಬ್ರಷ್ಷಿನಂಥದ್ದರಲ್ಲಿ ಮೆಲ್ಲಗೆ ಉಜ್ಜಿದ. ಕಿಲುಬು ಹೋಯಿತು, ಜೊತೆಗೆ ಚಿಪ್‌ನ ಒಂದು ಕಾಲೂ ಕಿತ್ತು ಬಂತು.

"ಇದು ಚೆಲ್ಲಿದ್ದಕ್ಕೆ ಹೋಗಿದ್ದಲ್ಲ ಸರ್. ಆನ್ ಇಟ್ಕೊಂಡಿದ್ದಕ್ಕೆ ಹೋಗಿದೆ" ಅಂದ. ಪಕ್ಕದಲ್ಲಿ ಮಗಳು ನಿಂತಿದ್ದಾಳೆ ಅನ್ನುವುದು ಅವನ ಗಮನಕ್ಕೆ ಬರಲಿಲ್ಲ.

ಮನೆಗೆ ಬರುವಾಗ ಕೇಳಿದಳು. "ನಾನು ಆಗಲೇ ಹೇಳಿದ್ರೆ ಉಳೀತಿತ್ತಾ ಅಪ್ಪ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಉಳೀತಿತ್ತೇನೋ" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನೀನು ಹೇಳೋ ಹಾಗೆ ನಾನು ಇಟ್ಕೊಂಡಿರಲಿಲ್ಲ, ಅದು ನನ್ನ ತಪ್ಪು" ಅಂತಲೂ ಅಂದೆ. ಬೆಳಗ್ಗೆ ಕೂಗಿದವನು ಸಂಜೆ ಹೀಗೆ ಹೇಳುವುದು ಸುಲಭ ಅಲ್ಲ, ಆದರೂ ಅಂದೆ. ಬೆಳಗ್ಗೆ ಏನೂ ವಿಚಾರಿಸದೆ ಚಾರ್ಜರ್ ಸಿಕ್ಕಿಸಿದ್ದು ನಾನೇ ಅಲ್ವಾ. ಒದ್ದೆ ಬೋರ್ಡ್‌ಗೆ ಕೊನೆಯ ಏಟು ಯಾರು ಕೊಟ್ಟರು ಅಂತ ಖಚಿತವಾಗಿ ಹೇಳಲು ಆ ಹುಡುಗನಿಗೂ ಆಗಲಿಲ್ಲ.

"ಲ್ಯಾಪ್‌ಟಾಪ್ ಹತ್ತಿರ ಕುಡಿಯುವುದನ್ನು ತರಲೇಬಾರದು" ಅನ್ನುವ ನಿಯಮ ಹೇಳುವವರಿಗೆ ಒಂದು ಪ್ರಶ್ನೆ. ನೀವು ಪಾಲಿಸುತ್ತೀರಾ? ನಾನಂತೂ ಇಲ್ಲ. ಇದನ್ನು ಬರೆಯುವಾಗಲೂ ಪಕ್ಕದಲ್ಲಿ ಒಂದು ಲೋಟ ಇದೆ. ನಾವೇ ಮುರಿಯುವ ನಿಯಮವನ್ನು ಮಗುವಿನ ಮೇಲೆ ಹೇರಿದರೆ ಆಗುವುದು ಇಷ್ಟೇ, ಅದೂ ತರುತ್ತದೆ, ಚೆಲ್ಲಿದಾಗ ಮುಚ್ಚಿಡುತ್ತದೆ. ಈಗ ನಮ್ಮ ಮನೆಯಲ್ಲಿ ನಿಯಮ ಬೇರೆ. ಕುಡಿಯುವುದು ಮೇಜಿನ ಮೇಲೆ ಬೇಡ, ಪಕ್ಕದ ಗಿಡ್ಡ ಸ್ಟೂಲಿನ ಮೇಲೆ. ಅಲ್ಲಿ ಮಗುಚಿದರೆ ನೆಲ ಒದ್ದೆ ಆಗುತ್ತದೆ, ಒರೆಸಿದರೆ ಮುಗಿಯಿತು. ಲ್ಯಾಪ್‌ಟಾಪ್‌ಗಿಂತ ಕೆಳಗಿರುವ ಲೋಟ ಲ್ಯಾಪ್‌ಟಾಪ್ ಮೇಲೆ ಚೆಲ್ಲುವುದು ಹೇಗೆ? ಒಂದು ಸ್ಟೂಲಿನ ಬುದ್ಧಿ ಬರಲು ನಮಗೆ ಒಂದು ಮದರ್‌ಬೋರ್ಡ್ ಬೇಕಾಯಿತು.

ಮಕ್ಕಳಿಗೆಂದೇ ಮಾಡಿದ ಕೆಲವು ಲ್ಯಾಪ್‌ಟಾಪ್‌ಗಳ ಕೀಬೋರ್ಡ್ 330 ಮಿಲಿಲೀಟರ್‌ವರೆಗೆ ಚೆಲ್ಲಿದರೂ ತಡೆಯುತ್ತದೆ ಅಂತ ಕಂಪನಿಗಳು ಬರೆದಿರುತ್ತವೆ. ಲೆನೊವೊ ಕಂಪನಿಯ ಹಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್‌ಗೆ ಬಿದ್ದ ನೀರು ಅಡಿಯಿಂದ ಇಳಿದುಹೋಗಲು ತೂತುಗಳನ್ನೇ ಕೊಟ್ಟಿದ್ದಾರೆ. ಹೊಸದು ಕೊಳ್ಳುವಾಗ ಇದನ್ನು ನೋಡಿ, ಒಳ್ಳೆಯದೇ. ಆದರೆ ತಡೆಯುವುದು ಅಂದರೆ ಆರಿಸಲು ಸಮಯ ಕೊಡುವುದು, ಅಷ್ಟೇ. ಹಾಲಿನಲ್ಲಿ ಈಜಿಸಬಹುದು ಅಂತ ಅಲ್ಲ.

ಡೇಟಾ ವಿಷಯಕ್ಕೆ ಬಂದರೆ ನಮ್ಮ ಅದೃಷ್ಟ ಚೆನ್ನಾಗಿತ್ತು. ನಮ್ಮದರಲ್ಲಿ ಫೈಲ್‌ಗಳೆಲ್ಲ ಇರುವ ಎಸ್‌ಎಸ್‌ಡಿ ಬೇರೆ ಕಾರ್ಡ್ ಆಗಿತ್ತು, ಬಿಚ್ಚಿ ತೆಗೆಯಲು ಬಂತು. ಮ್ಯಾಕ್‌ಬುಕ್‌ಗಳಂಥ ಕೆಲವುಗಳಲ್ಲಿ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಬೋರ್ಡ್ ಹೋದರೆ ಫೋಟೋ, ಪಾಠ ಎಲ್ಲ ಅದರ ಜೊತೆಗೇ. ಎಸ್‌ಎಸ್‌ಡಿ ಕೈಯಲ್ಲಿದ್ದರೂ ಬೇರೆ ಕಂಪ್ಯೂಟರ್‌ಗೆ ಹಾಕಿದ ಕೂಡಲೇ ಅದು ಬಿಟ್‌ಲಾಕರ್ ರಿಕವರಿ ಕೀ ಕೇಳಿತು, ಅಂದರೆ ವಿಂಡೋಸ್ ಡೇಟಾಗೆ ಹಾಕಿದ ಬೀಗ ತೆಗೆಯುವ ಸಂಖ್ಯೆ. 48 ಅಂಕಿ! ಆ ಹೆಸರನ್ನೇ ನಾನು ಕೇಳಿರಲಿಲ್ಲ. ಮೊದಲು ಸೆಟಪ್ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸೇವ್ ಆಗಿತ್ತು, ಆ ಖಾತೆಯ ಪಾಸ್‌ವರ್ಡ್ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿತ್ತು. ಇವತ್ತೇ ನಿಮ್ಮ ಮನೆಯದರ ಕೀ ಎಲ್ಲಿದೆ ಅಂತ ನೋಡಿ, ಒಂದು ಕಾಗದದ ಮೇಲೆ ಬರೆದಿಡಿ.

ಎಸ್‌ಎಸ್‌ಡಿ ತೆರೆದ ಮೇಲೆ ಆ ಪ್ರಾಜೆಕ್ಟ್ ಹುಡುಕಿದೆವು. ವರ್ಡ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಅವಳು ಕಳೆದುಹೋಗುತ್ತದೆ ಅಂತ ಹೆದರಿದ್ದ ನಾಲ್ಕು ಪುಟ ಹಾಗೇ ಇತ್ತು. ಅದರ ಮುಂದೆ ಇನ್ನೂ ಮೂರು ಪುಟ. ಉದ್ದಕ್ಕೂ ಬರೀ ಅಲ್ಪವಿರಾಮ, ಒದ್ದೆಯಾದ ಕೀ ತಾನೇ ಒತ್ತಿಕೊಂಡು ತುಂಬಿಸಿದ್ದು. ನಡುನಡುವೆ ಅವಳು ಬ್ಯಾಕ್‌ಸ್ಪೇಸ್ ಹಾಕಿ ಅಳಿಸಿ, ತನ್ನ ವಾಕ್ಯ ಮುಂದುವರಿಸಲು ನೋಡಿದ್ದ ಒಂದೊಂದು ಪದ.

ಪ್ರಾಜೆಕ್ಟ್ ತಡವಾಗಿ ಕೊಟ್ಟಿದ್ದಕ್ಕೆ ಟೀಚರ್ ಏನೂ ಅನ್ನಲಿಲ್ಲವಂತೆ. ಆ ರಾತ್ರಿಯೇ ಒಂದು ಮೆಸೇಜ್ ಹಾಕಿದ್ದರೆ ಎರಡು ದಿನ ಜಾಸ್ತಿ ಕೊಡುತ್ತಿದ್ದೆ ಅಂದರಂತೆ. ಅವರನ್ನು ಕೇಳಲೂ ಇವಳಿಗೆ ಭಯ ಇತ್ತು.